ಗುಂಡಿಯ ನೀರು

ಅಥೆನ್ಸ್, ಮಾರ್ಚ್ ೧೪, ಗುರುವಾರ

ತುರ್ಕಿ ನಿಯೋಗದ ಆ ಸೆವಿಲಾಯ್ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಎರಡು ದೇಶಗಳ ನಡುವಿನ ಸಮುದ್ರದಲ್ಲಿರುವ ಒಂದು ಪುಟ್ಟ ನಡುಗಡ್ಡೆ ಗ್ರೀಸಿನದೆಂದು ಹನ್ನೊಂದು ವರ್ಷದಿಂದ ವಾದಿಸುತ್ತಿರುವವಳು ನಾನು, ತುರ್ಕಿಯದೆಂದು ಅವಳು. ನಮ್ಮ ದ್ವೀಪಗಳವರು ದೋಣಿಯಲ್ಲಿ ಆಡುಗಳನ್ನು ಒಯ್ದು ಅಲ್ಲಿ ಮೇಯಲು ಬಿಡುತ್ತಾರೆ. ಅದೇ ನನ್ನ ದೊಡ್ಡ ಸಾಕ್ಷಿ.

ಇಂದು ಮಾತುಕತೆಯ ನಡುವಿನ ಕಾಫಿ ಹೊತ್ತಿನಲ್ಲಿ ಕೇಳಿದಳು: “ಅರ್ಗೀರೋ ಅವರೇ, ಅಲ್ಲಿ ಬಂಡೆ ಕೆಳಗಿನ ಗುಂಡಿ ನೀರು ಕುಡಿದಿದ್ದೀರಾ?”

ನಾನು ಅಲ್ಲಿಗೆ ಕಾಲಿಟ್ಟವಳೇ ಅಲ್ಲ. ಆದರೂ ಅಂದುಬಿಟ್ಟೆ: “ಓಹೋ, ಎಷ್ಟೋ ಸಲ! ಎಂಥಾ ಸಿಹಿ!”

“ಉಪ್ಪುಪ್ಪು ಕಣ್ರೀ,” ನಕ್ಕಳು. “ಅಪ್ಪನ ದೋಣೀಲಿ ಹೋದಾಗೆಲ್ಲ ಕುಡೀತಿದ್ದೆ. ನಿಮ್ಮ ಆಡುಗಳಿಗೆ ಅದು ಹೇಗೆ ಸೇರತ್ತೋ!”

ಮತ್ತೆ ಮಾತುಕತೆಗೆ ಕೂತಾಗ ಅವಳು ಈ ಸುಳ್ಳನ್ನೆತ್ತಿ ನನ್ನ ಮಾನ ಕಳೆಯಬಹುದಿತ್ತು. ಎತ್ತಲಿಲ್ಲ. ನಕ್ಷೆಯಲ್ಲಿನ ಆ ಚುಕ್ಕೆಯನ್ನೇ ನೋಡುತ್ತಿದ್ದಳು, ತವರುಮನೆ ನೋಡುವ ಹಾಗೆ. ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ ಅದನ್ನು ಹಾಗೆ ನೋಡಿದ್ದೇನೆಯೇ…