ಅಪ್ಪನ ಸ್ಕೀ ಅಡಿಗೊಂದು ಕಾಗದ

ಮಗಾ ಐವಿಂಡ್,

ಬೆಳಿಗ್ಗೆ ಗಾಳಿಯಿಲ್ಲ, ಒಣ ಹಿಮ ಮೊಣಕಾಲುದ್ದ ಬಿದ್ದಿದೆ. ನಿನ್ನಪ್ಪನ ಹೆಸರಲ್ಲಿ ದೀಪ ಹಚ್ಚಲು ಚರ್ಚಿಗೆ ಹೊರಟೆ.

ಬೆಟ್ಟಕ್ಕೆ ಅವರ ಸ್ಕೀಯೇ ಬೇಕೆಂದು ಹಟ ಹಿಡಿದಿದ್ದೀಯಲ್ಲ, ಮೊದಲು ಅಡುಗೆಮನೆಯ ನೆಲದ ಮೇಲೆ ಅದನ್ನಿಟ್ಟು, ಪಾದದ ನೇರಕ್ಕೆ ಈ ಚೀಟಿಯನ್ನು ಅಡಿಗೆ ತೂರಿಸು. ಸ್ಕೀ ಮೇಲೆ ಒಂಟಿ ಕಾಲಲ್ಲಿ ನಿಂತು ಚೀಟಿ ಎಳೆದು ನೋಡು. ಅಲುಗದಿದ್ದರೆ ಸ್ಕೀ ನಿನ್ನದು. ಜಾರಿ ಬಂದರೆ ಸ್ಕೀಯ ನಡುವಿನ ಕಮಾನು ನೆಲಕ್ಕೆ ಒತ್ತುವಷ್ಟು ನಿನ್ನ ಭಾರ ಸಾಲದು, ಏರಿನಲ್ಲಿ ಹಿಂದಕ್ಕೆ ಜಾರುತ್ತೀಯ, ನಿನ್ನದನ್ನೇ ಒಯ್ಯು.

“ಇನ್ನೂ ಹತ್ತು ಚಳಿಗಾಲ ಗಂಜಿ ಉಣ್ಣು ಮಾರಾಯ್ತಿ, ಆಮೇಲೆ ಮುಟ್ಟುವಿಯಂತೆ” ಎಂದು ನಿನ್ನಪ್ಪ ನನ್ನನ್ನು ನೋಡಿ ನಗುತ್ತಿದ್ದರು. ಅವರು ಹೋದ ಮೇಲೆ ಪ್ರತಿವರ್ಷ ಮೊದಲ ಹಿಮಕ್ಕೆ ಅದರ ಮೇಲೆ ನಿಂತು ನೋಡುತ್ತೇನೆ. ಕಾಗದ ಜಾರುತ್ತಲೇ ಇದೆ.

ಅವರ ಬೂಟು ಬಾಗಿಲ ಬಳಿಯಿದೆ. ಒಂದೇ ಪದರ ಕಾಲುಚೀಲ ಹಾಕು, ಬೆರಳು ಆಡಬೇಕು. ಅಪ್ಪ ಇದ್ದಾಗಲೇ ಅದನ್ನು ಎರವಲು ಒಯ್ದಿದ್ದ ಪಕ್ಕದ ಮನೆಯ ಹಾಲ್ವೊರ್ ಈಗಷ್ಟೇ ಬಂದು, ಎಣ್ಣೆ ತಿಕ್ಕಿ ಮೆತ್ತಗಾಗಿಸಿದ ಜೋಡಿಯನ್ನು ನನ್ನ ಕೈಗಿಟ್ಟು ಹೋದ.