ವಿಭೂತಿ ಹಚ್ಚಿಸಿಕೊಂಡ ಕಾರ್ಬುರೇಟರ್

ಅಕ್ಟೋಬರ್ 13, ಸೋಮವಾರ

ಸೀರೆಗೆ ಇನ್ನೂ ಪೆಟ್ರೋಲ್ ವಾಸನೆ. ಬದಲಾಯಿಸಲು ಮನಸ್ಸಿಲ್ಲ.

ನಮ್ಮ ಹಳೇ ಫಿಯಟ್‌ಗೆ ಕಾರ್ಬುರೇಟರ್ ಬೇಕೆಂದು ಯಜಮಾನರು ರಾಮನಗರ, ಕನಕಪುರ, ಮಾಗಡಿಯ ಗುಜರಿ ಅಂಗಡಿಗಳನ್ನೆಲ್ಲ ತಡಕಿದ್ದರು. ಕೊನೆಗೆ ಸಿಕ್ಕಿದ್ದು ದೊಡ್ಡಮಳೂರಿನ ಬೋರಲಿಂಗಯ್ಯನವರ ಕೊಟ್ಟಿಗೆಯಲ್ಲಿ, ಎಷ್ಟೋ ವರ್ಷದಿಂದ ಓಡದೆ ನಿಂತ ಅವರ ಫಿಯಟ್‌ನಲ್ಲಿ. ದುಡ್ಡು ಬೇಡ ಅಂದರಂತೆ. "ಒಂದ್ಸಲ ಗಾಡೀನ ನಮ್ಮನೆ ಮುಂದುಕ್ಕೆ ತನ್ನಿ, ಸದ್ದು ಕೇಳ್ಬೇಕು" ಅಂದರಂತೆ, ಅಷ್ಟೇ.

ಇವರು ಅದನ್ನು ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದರು. ಜೋಡಿಸುವ ಮೊದಲು ದೇವರ ಕೋಣೆಯಲ್ಲಿಟ್ಟು ಮೂರು ಪಟ್ಟೆ ವಿಭೂತಿ ಎಳೆದು, ಮೇಲೊಂದಿಷ್ಟು ಉದುರಿಸಿದರು. ಆಮೇಲೆ ಕಾರು ಸ್ಟಾರ್ಟೇ ಆಗಲಿಲ್ಲ. ಎರಡು ದಿನ ಇವರಿಗೆ ಊಟ ಸೇರಲಿಲ್ಲ. ಬೋರಲಿಂಗಯ್ಯನವರಿಗೆ ಏನು ಹೇಳಲಿ ಎಂಬುದೊಂದೇ ಕೊರಗು.

ಇವತ್ತು ಮೆಕ್ಯಾನಿಕ್ ದೀಪು ಬಿಚ್ಚಿ ನೋಡಿದ. "ಯಜಮಾನ್ರೇ, ಪೆಟ್ರೋಲ್ ಬರೋ ತೂತಲ್ಲಿ ವಿಭೂತಿ ಕೂತ್ಬುಟ್ಟೈತೆ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಇವರು ಮುಖ ಆಚೆ ತಿರುಗಿಸಿಕೊಂಡು, "ಶಿವ ಒಳಗೇ ಅವ್ನೆ, ಇನ್ನು ಕೆಡಾಕಿಲ್ಲ ಬುಡು" ಅಂದರು.

ದೀಪು ತೂತು ಊದಿ, ತೊಳೆದು ಜೋಡಿಸಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು. ಸಂಜೆ ಇಬ್ಬರೂ ಅದರಲ್ಲೇ ದೊಡ್ಡಮಳೂರಿಗೆ ಹೋದೆವು. ಬೋರಲಿಂಗಯ್ಯನವರು ಬಾನೆಟ್ ಮೇಲೆ ಅಂಗೈ ಊರಿ ನಿಂತರು. "ಆಫ್ ಮಾಡ್ಬೇಡಿ, ಒಸಿ ಓಡ್ಲಿ" ಅಂದವರು ಕಣ್ಣು ಮುಚ್ಚಿಕೊಂಡರು.

ಸಿಗ್ನಲಿನಲ್ಲಿ ಒಂದು ಗಳಿಗೆ ನಿಂತರೂ ಪೆಟ್ರೋಲ್ ದಂಡ ಎಂದು ಎಂಜಿನ್ ಆರಿಸುವ ಈ ಮನುಷ್ಯ, ಬೋರಲಿಂಗಯ್ಯನವರು ಕೈ ತೆಗೆಯುವವರೆಗೂ ಕೀ ಮುಟ್ಟಲಿಲ್ಲ.