ಮಂಗಳವಾರದ ಕೈ

ಏಪ್ರಿಲ್ 8, ಮಂಗಳವಾರ

ಮತ್ತೆ ಮ್ಯೂಸಿಯಂನ ಹಿಂಬಾಗಿಲು, ಮತ್ತೆ ಬ್ಯಾಗ್ ತಪಾಸಣೆ. ಇದ್ದಿಲು ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಮೇಲಿನ ಮಹಡಿಯ ಗಾರ್ಡ್ ಸತುರ್ನಿನೊ ಬೀರುವಿನಿಂದ ಬೋರ್ಡ್ ತೆಗೆದುಕೊಟ್ಟ. "ತಗೋ ಉರುಗ್ವೆ, ನಿನ್ನ ಬೆಳ್ಳುಳ್ಳಿಯಮ್ಮ." ಮ್ಯಾಡ್ರಿಡ್‌ಗೆ ಬಂದು ಮೂರು ವರ್ಷವಾಯಿತು. ನೋಯೆಲಿಯಾ ಎಂಬ ನನ್ನ ಹೆಸರು ಇವನ ಬಾಯಿಗೆ ಬರುವುದೇ ಇಲ್ಲ. ನನ್ನ ದೇಶದ ಹೆಸರಿಟ್ಟು ಕರೆಯುವುದೇ ಅವನಿಗೆ ಖುಷಿ. ನನಗೂ ಒಂದು ಹೆಸರಿದೆ... ಇರಲಿ.

ಬೆಳ್ಳುಳ್ಳಿ ಮಾರುವ ಹೆಂಗಸು. ಬರೆದವನ ಹೆಸರು ಗೊತ್ತಿಲ್ಲದ ಹಳೆಯ ಚಿತ್ರ. ಅದರ ಅಳತೆಯಲ್ಲೇ ನಕಲು ಮಾಡುವಂತಿಲ್ಲ, ಅದಕ್ಕೇ ಮ್ಯೂಸಿಯಂ ಎಲ್ಲರಿಗೂ ಒಂದೇ ಅಳತೆಯ ಸಣ್ಣ ಬೋರ್ಡ್ ಕೊಡುತ್ತದೆ. ಇದ್ದಿಲು ಉದುರದಂತೆ ಹೊಡೆಯುವ ಸ್ಪ್ರೇ ಒಳಗೆ ತರುವಂತಿಲ್ಲ. ಆದ್ದರಿಂದ ಚಿತ್ರ ಮುಗಿಯುವವರೆಗೂ ಬೀರುವಿನಲ್ಲೇ ಇರಬೇಕು, ಗೋಡೆಗೆ ಮುಖ ಮಾಡಿ.

ಮೇ ಮೂವತ್ತರೊಳಗೆ ಮುಗಿಯಬೇಕು. ಸಂಜೆಯ ಚಿತ್ರಶಾಲೆಯವರು ಸೇರಿಸಿಕೊಳ್ಳಲು ಮ್ಯೂಸಿಯಂನಲ್ಲೇ ಬರೆದ ಒಂದು ಪೂರ್ತಿ ಚಿತ್ರ ಕೇಳುತ್ತಾರೆ. ಬೇರೆ ಕೈ ತಗುಲಿರಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಸಾಹಿತ್ಯದ ಡಿಗ್ರಿ ಇಟ್ಟುಕೊಂಡು ಯಾರದೋ ಮಕ್ಕಳಿಗೆ ಹೋಂವರ್ಕ್ ಮಾಡಿಸುತ್ತಿರುವವಳು ನಾನು. ಕಾಣುತ್ತಿರುವುದು ಈ ಒಂದೇ ಬಾಗಿಲು.

ಒಂದು ವಿಷಯ. ಕಳೆದ ವಾರ ಬರೀ ಹೊರಗೆರೆ ಹಾಕಿ ಹೋಗಿದ್ದೆ. ಭುಜ ಇಷ್ಟು ಕೆಳಗೆ ಇಟ್ಟಿದ್ದೆನಾ?

ಏಪ್ರಿಲ್ 15, ಮಂಗಳವಾರ

ಚಿತ್ರದ ಹೆಂಗಸಿನ ಕಣ್ಣು ಮಂಕಾಗಿದೆ. ಕಳೆದ ವಾರ ಒಂದು ಗಂಟೆ ಕೂತು ಕಪ್ಪು ತುಂಬಿದ್ದೆ. ಬೋರ್ಡ್ ಎಲ್ಲಾದರೂ ಉಜ್ಜಿತೇ ಎಂದು ಅಂಚು ನೋಡಿದೆ — ಅಂಚು ಸ್ವಚ್ಛವಾಗಿದೆ. ಕಣ್ಣೆರಡೇ ಮಾಸಿವೆ.

ಸ್ಟ್ಯಾಂಡಿನ ಕೆಳಪಟ್ಟಿಯ ಮೇಲೆ ಬ್ರೆಡ್ಡಿನ ಚೂರುಗಳು. ಬೂದು ಬಣ್ಣಕ್ಕೆ ತಿರುಗಿದ್ದವು. ಸತುರ್ನಿನೊ ಹನ್ನೊಂದಕ್ಕೆ ಆಮ್ಲೆಟ್ ಇಟ್ಟ ಬ್ರೆಡ್ ತಿನ್ನುತ್ತಾನೆ. ಬೀರುವಿನ ಕೀ ಇರುವುದು ಅವನ ಹತ್ತಿರ.

ಏಪ್ರಿಲ್ 29, ಮಂಗಳವಾರ, ರಾತ್ರಿ

ಹೋದ ವಾರ ಮಗುವೊಂದಕ್ಕೆ ಪರೀಕ್ಷೆ. ಹೋಗಲಾಗಲಿಲ್ಲ. ಇವತ್ತು ಹೋಗಿ ನೋಡಿದರೆ ಬುಟ್ಟಿಯ ತುಂಬ ಬೆಳ್ಳುಳ್ಳಿ ಇದೆ. ನಾನು ಬುಟ್ಟಿಗೆ ಕೈ ಹಚ್ಚೇ ಇರಲಿಲ್ಲ.

ಚೆನ್ನಾಗಿ ಬರೆದಿದ್ದಾರೆ. ಸಿಪ್ಪೆ ಸುಲಿದು ನಿಂತ ಒಂದು ಎಸಳಂತೂ... ಅದಕ್ಕೇ ಹೆಚ್ಚು ಕೋಪ ಬಂತು. ಕೆಡಿಸುವವನಾದರೆ ಕೆಡಿಸಲಿ. ತಿದ್ದುವವನು ಯಾರು?

ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇರೆ ಕೈ ತಗುಲಿದೆ ಎಂದು ನಾನೇ ಒಪ್ಪಿಕೊಂಡಂತೆ. ಅಳಿಸಲೂ ಆಗಲಿಲ್ಲ. ಆ ಹೆಂಗಸಿನ ಬಲಗೈ ಬರೆದು ಬಂದೆ, ಗೆಣ್ಣು ಗೆಣ್ಣು ಬಿಡದೆ.

ಮೇ 6, ಮಂಗಳವಾರ

ಅವಳ ಕಣ್ಣಿಗೆ ನಾನು ಮತ್ತೆ ಕಪ್ಪು ತುಂಬಿದೆ. ಹೊರಡುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದೆ. ಸತುರ್ನಿನೊ ನೋಡುತ್ತಲೇ ಇದ್ದ. ನೋಡಲಿ.

ಮೇ 13, ಮಂಗಳವಾರ

ಫೋಟೋ ಹಿಡಿದು ಹೋಲಿಸಿದೆ. ಕಣ್ಣು ಅಳಿಸಿದ್ದಾರೆ. ನಾನು ಬರೆದ ಕೈಗೆ ಏನೂ ಆಗಿಲ್ಲ.

ಸತುರ್ನಿನೊನನ್ನು ಕೇಳಿಯೇಬಿಟ್ಟೆ. "ನನ್ನ ಬೋರ್ಡ್ ಯಾರಾದ್ರೂ ಮುಟ್ತಾರಾ?"

"ಮುಟ್ಟೋದು ನಾನೊಬ್ಬನೇ. ತೆಗಿಯೋದು, ಇಡೋದು."

"ಮತ್ತೆ ಈ ಬ್ರೆಡ್ ಚೂರು?"

ಅವನು ಚೂರುಗಳನ್ನು ನೋಡಿದ, ಆಮೇಲೆ ನನ್ನನ್ನು. "ನಾನು ತಿನ್ನೋದು ಬಾಗಿಲಾಚೆ, ಮೇಡಂ."

ಮೇಡಂ. ಇಲ್ಲಿಯವರೆಗೆ ಅವನ ಬಾಯಲ್ಲಿ ಕೇಳಿರಲಿಲ್ಲ.

ಮನೆ ಒಡತಿ ಎನ್ಕಾರ್ನಾಗೆ ಎಲ್ಲ ಹೇಳಿದೆ. ಬೀನ್ಸ್ ಸೋಸುತ್ತ ಕೇಳಿಸಿಕೊಂಡಳು. "ನೀನು ಮಂಗಳವಾರ ಮಾತ್ರ ಹೋಗ್ತೀಯ. ಅವತ್ತು ಅಲ್ಲಿ ಸಿಗೋದು ನೀನೊಬ್ಳೇ ಕಣೇ. ಬೇರೆ ದಿನ ಹೋಗಿ ನೋಡು."

ಮೇ 16, ಶುಕ್ರವಾರ

ಟಿಕೆಟ್ ತೆಗೆದುಕೊಂಡು, ಪ್ರವಾಸಿಗಳ ಜೊತೆ ಮುಂಬಾಗಿಲಿನಿಂದ ಹೋದೆ.

ನನ್ನ ಜಾಗದಲ್ಲಿ ಒಬ್ಬ ಮುದುಕಿ. ಬೂದು ಮೇಲಂಗಿ, ಸಣ್ಣ ಮಡಿಚುವ ಕುರ್ಚಿ. ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ನಾನು ಬರೆದ ಕಣ್ಣುಗಳನ್ನು ಒತ್ತಿ ಒತ್ತಿ ಅಳಿಸುತ್ತಿದ್ದಾಳೆ. ಹಳೆಯ ಕಾಲದವರು ಇದ್ದಿಲು ಅಳಿಸುವುದು ಹಾಗೆ. ನನಗೆ ಹೊಳೆದೇ ಇರಲಿಲ್ಲ.

"ಅದು ನನ್ನ ಬೋರ್ಡ್." ಹತ್ತಿರ ಹೋಗಿ ಹೇಳಿದೆ.

ತಿರುಗಿದಳು. "ಓಹೋ. ಮಂಗಳವಾರದ ಭೂತ ನೀನೇನಾ?"

"ಯಾಕೆ ನನ್ನ ಚಿತ್ರ ಅಳಿಸ್ತಿದೀರಾ?"

"ನಿನ್ನ ಚಿತ್ರಾನಾ? ವಾರವಾರ ಬಂದು ಇವಳ ಕಣ್ಣಿಗೆ ಕಾಡಿಗೆ ಬಳಿದು ಹೋಗ್ತೀಯಲ್ಲ ತಾಯಿ. ಇವಳು ಬೆಳ್ಳುಳ್ಳಿ ಮಾರೋಳು, ಮದುವೆಗೆ ಹೊರಟೋಳಲ್ಲ."

ಸತುರ್ನಿನೊ ಓಡಿಬಂದ. ನಕಲು ಮಾಡಲು ಕೊಟ್ಟ ಇಬ್ಬರ ಪರ್ಮಿಟ್ಟನ್ನೂ ಓದಿದ. ಮತ್ತೆ ಓದಿದ. "ಒಂದು ಚಿತ್ರಕ್ಕೆ ಒಬ್ರೇ. ಮೊದಲಿಂದ ಹಾಗೇ ಇರೋದು. ಬೆಳ್ಳುಳ್ಳಿ ಅಂದ್ರೆ ಬೆಳ್ಳುಳ್ಳಿ ಬೋರ್ಡ್ ತೆಗಿತೀನಿ, ಅಷ್ಟೇ."

"ಈ ವರ್ಷ ಆಫೀಸಿನೋರು ಇಬ್ಬರಿಗೆ ಕೊಟ್ಟವ್ರೆ, ನಿಂಗೆ ಹೇಳಿಲ್ಲ," ಎಂದಳು ಮುದುಕಿ. "ಬೀರುವಲ್ಲಿ ಹಿಂದೆ ಇನ್ನೊಂದು ಇದೆಯಾ ನೋಡಪ್ಪ."

ಇತ್ತು. ಬರೀ ಹೊರಗೆರೆ. ಭುಜ ನಾನಿಟ್ಟ ಜಾಗದಲ್ಲೇ, ಎತ್ತರದಲ್ಲಿ. ಮೊದಲ ದಿನದ್ದು. ಆಮೇಲೆ ಯಾರೂ ಮುಟ್ಟಿಲ್ಲ.

ಇಷ್ಟು ವಾರ ಇವಳ ಚಿತ್ರದ ಮೇಲೆ ಗೀಚಿದವಳು ನಾನು.

ಮುದುಕಿಯ ಹೆಸರು ಒಬ್ದೂಲಿಯಾ. ಶಾಲೆಯಲ್ಲಿ ಪಿಯಾನೊ ಕಲಿಸುತ್ತಿದ್ದಳಂತೆ. ಮೇ ಮೂವತ್ತರ ವಿಷಯ ಹೇಗೋ ನನ್ನ ಬಾಯಿಂದ ಬಂತು. ಬೈಗುಳಕ್ಕೆ ಕಾದು ನಿಂತೆ. ಅವಳು ಕೈ ಒರೆಸಿಕೊಂಡಳು. "ಹಾಗಾದ್ರೆ ಅವ್ರಿಗೆ ಇದನ್ನೇ ಕೊಡು. ನಂಗೆ ಶುಕ್ರವಾರ ಕಳೆದ್ರೆ ಸಾಕು. ಹೇಗೂ ಈ ಕೈ ನಿಂದೇ."

"ಅದನ್ಯಾಕೆ ಅಳಿಸ್ಲಿಲ್ಲ?"

"ನಂಗೆ ಹಾಗೆ ಬರಲ್ಲ."

ಮೇ 17, ಶನಿವಾರ

ಯಾಕೆ ಕೊಡುತ್ತಿದ್ದಾಳೆ? ಗುರುತಿಲ್ಲ, ಪರಿಚಯವಿಲ್ಲ. ನಾಳೆ ಚಿತ್ರಶಾಲೆಗೆ ಹೋಗಿ ಅದು ನನ್ನದು ಎಂದರೆ? ಕರುಣೆಯಾ? ಊರು ಬಿಟ್ಟು ಬಂದ ಹುಡುಗಿ, ಪಾಪ, ಅಂತಲಾ? ಕೈ ಚೆನ್ನಾಗಿದೆ ಎಂದಿದ್ದೂ ಅದಕ್ಕೇ ಇರಬಹುದು. ಚೆನ್ನಾಗಿದೆ ಅಂತ ಹೇಳಲೂ ಇಲ್ಲವಲ್ಲ. ತನಗೆ ಬರುವುದಿಲ್ಲ ಎಂದಳು, ಅಷ್ಟೇ.

ಎನ್ಕಾರ್ನಾಗೆ ಬೇಸರ ಬಂದಿದೆ. "ಕದ್ರೂ ಅನುಮಾನ, ಕೊಟ್ರೂ ಅನುಮಾನ. ನಿಂಗೆ ಊಟ ಹಾಕೋಕೆ ಭಯ ಆಗ್ತದೆ ಮಾರಾಯ್ತಿ."

ಮೇ 20, ಮಂಗಳವಾರ, ಮಧ್ಯಾಹ್ನ

ಉಳಿದಿರುವುದು ಇವತ್ತು ಮತ್ತು ಮುಂದಿನ ಮಂಗಳವಾರ.

ಸತುರ್ನಿನೊಗೆ ಕ್ಷಮಿಸಿ ಎಂದೆ. "ಯಾತಕ್ಕೆ, ಮೇಡಂ?" ಎಂದ. ಎರಡೂ ಬೋರ್ಡ್ ತಂದು ಗೋಡೆಗೆ ಒರಗಿಸಿದ. ಒಂದರಲ್ಲಿ ಹೆಂಗಸು ಉಸಿರಾಡುವಂತೆ ಕೂತಿದ್ದಾಳೆ. ಇನ್ನೊಂದು ನನ್ನ ಹೊರಗೆರೆ ಬಿಟ್ಟರೆ ಖಾಲಿ. ಖಾಲಿಯದನ್ನು ತೋರಿಸಿದೆ. ಒಬ್ದೂಲಿಯಾಳದನ್ನು ಒಳಗಿಟ್ಟು ಬೀಗ ಹಾಕಿದ.

ಮೂರು ಗಂಟೆ ಕೆಲಸ. ತಲೆವಸ್ತ್ರದಿಂದ ಶುರು ಮಾಡಿದೆ. ಬೇಗ ಬಂತು, ಸಲೀಸಾಗಿ. ಇಷ್ಟು ಸಲೀಸು ನನಗೆ ಯಾವತ್ತೂ ಬಂದದ್ದಿಲ್ಲ. ಎದ್ದು ದೂರ ನಿಂತು ನೋಡಿದೆ. ಬಟ್ಟೆಯ ಆ ಮಡಿಕೆ ಒಬ್ದೂಲಿಯಾಳದು. ಗಲ್ಲದ ಕೆಳಗೆ ಗೆರೆಯನ್ನು ಎಳೆಯದೆ ಬಿಟ್ಟುಬಿಡುವುದು, ಅದೂ ಅವಳದೇ. ವಾರಗಟ್ಟಲೆ ಅವಳ ಗೆರೆಗಳ ಮೇಲೇ ಕೈ ಆಡಿಸಿದ್ದೇನೆ.

ಅಳಿಸಿದೆ. ನಿಧಾನಕ್ಕೆ, ಗೋಡೆಯ ಮೇಲಿನ ಹಳೆಯ ಚಿತ್ರವನ್ನಷ್ಟೇ ನೋಡುತ್ತ ಮತ್ತೆ ಬರೆದೆ. ಮತ್ತೆ ಅದೇ. ಕೆಳಗೆ ನನ್ನ ಮೊದಲ ದಿನದ ಗೆರೆ ಮಸುಕಾಗಿ ಕಾಣುತ್ತಿತ್ತು, ಬಿಗಿಯಾಗಿ, ಹೆದರಿದಂತೆ. ಬೇರೆ ಯಾರ ಕೈಯೂ ತಗುಲದ ಗೆರೆ ಅಂದರೆ ಅದೊಂದೇ. ಶಾಲೆಯವರಿಗೆ ಬೇಕಾದದ್ದು ಅದು. ಆದರೆ ಅದಕ್ಕಿಂತ ಇದು ಚೆನ್ನಾಗಿದೆ; ಈ ಸಲ ಅಳಿಸದೆ ಹಾಗೇ ಬಿಟ್ಟೆ.